ಸಿ ಡ್ರೈವಿನ ಶಿಲ್ಕು

ದೀಪಾವಳಿ ಪಾಡ್ಯಕ್ಕೆ ನಮ್ಮ ಕಡೆಯ ಅಂಗಡಿಗಳಲ್ಲಿ ಹೊಸ ಕಿರ್ದಿಗೆ ಪೂಜೆ ನಡೆಯುತ್ತದೆ. ಸರಕಾರದ ಲೆಕ್ಕದಲ್ಲಿ ವರ್ಷ ಏಪ್ರಿಲ್ ಒಂದಕ್ಕೆ ಹುಟ್ಟಿದರೂ ಲಕ್ಷ್ಮಿಯ ಲೆಕ್ಕ ಪಾಡ್ಯದಿಂದಲೇ. ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿ, ಶ್ರೀಕಾರ ಬರೆದು, ಹಳೆಯ ಪುಸ್ತಕದ ಶಿಲ್ಕನ್ನು ಹೊಸದಕ್ಕೆ ಎತ್ತಿಕೊಳ್ಳುತ್ತಾರೆ. ವರ್ಷವಿಡೀ ಬರೆದ ಸಾವಿರಾರು ಸಾಲುಗಳಲ್ಲಿ ಮುಂದಕ್ಕೆ ಬರುವುದು ಇಷ್ಟೇ: ಕೈಯಲ್ಲಿ ಎಷ್ಟಿದೆ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು. ಉಳಿದದ್ದೆಲ್ಲ ಹಳೆಯ ಪುಸ್ತಕದ ಜೊತೆ ಅಟ್ಟ ಸೇರುತ್ತದೆ. 2025ರ ಹಬ್ಬದಲ್ಲಿ ಈ ಕೆಲಸದ ಜೊತೆಗೆ ಇನ್ನೊಂದು ಬಂದು ಕೂಡಿಕೊಂಡಿತು. ಪಾಡ್ಯಕ್ಕೆ ವಾರವೊಂದು ಬಾಕಿ ಇರುವಾಗ, ಅಕ್ಟೋಬರ್ 14ರಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಎಂದಿನ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ಸೌಲಭ್ಯ ಬೇಕು, ಪ್ರೊಸೆಸರ್ ಕೂಡ ಹೊಸ ತಲೆಮಾರಿನದಾಗಬೇಕು. ಹತ್ತು ವರ್ಷದ ಹಿಂದೆ ಕೊಂಡ ಪೆಟ್ಟಿಗೆಯಲ್ಲಿ ಅವು ಎಲ್ಲಿಂದ ಬರಬೇಕು? ಹೀಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಹಳೆಯ ಕಂಪ್ಯೂಟರು ಬದಲಿಸುವವರು, ಅದಕ್ಕೇ ಹೊಸ ಎಸ್‌ಎಸ್‌ಡಿ ಕೂಡಿಸಿ ಇನ್ನೊಂದು ವರ್ಷ ಎಳೆಯೋಣ ಎನ್ನುವವರು ರಿಪೇರಿ ಅಂಗಡಿಗಳಿಗೆ ಎಡತಾಕತೊಡಗಿದರು.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಈ ಕೆಲಸ ನಡೆಯುವುದನ್ನು ನೋಡುತ್ತ ಕೂತಿದ್ದೆ. ರಿಪೇರಿ ಹುಡುಗ ಸಿಪಿಯು ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ತಗಡು ಸರಿಸಿದ್ದೇ ತಡ, ಮೂವರಿಗೂ ಸೀನು. ಫ್ಯಾನಿನ ರೆಕ್ಕೆಗಳ ಮೇಲೆ, ಬೋರ್ಡಿನ ಸಂದಿಗಳಲ್ಲಿ, ಎಷ್ಟೋ ಹಂಗಾಮುಗಳ ಮೆಣಸಿನಕಾಯಿ ಘಾಟು ಕೆಂಪು ಧೂಳಾಗಿ ಕೂತಿತ್ತು. ಟವೆಲಿನಿಂದ ಮೂಗು ಮುಚ್ಚಿಕೊಂಡು ಅವನು ಕೇಳಿದ: “ಸಾವ್ಕಾರ್ರ, ಸಿ ಡ್ರೈವ್‌ನ್ಯಾಗ ಏನೇನ್ ಐತಿ ಹೇಳ್ರಿ. ಫಾರ್ಮ್ಯಾಟ್ ಹೊಡದ ಮ್ಯಾಲ ನನ್ನ ಕೇಳಬ್ಯಾಡ್ರಿ.” ಸಾಹುಕಾರರು ಗಾದಿಯಿಂದ ಅಲುಗಾಡದೆ ಅಂದರು: “ಎಲ್ಲಾ ಐತಪಾ ತಮ್ಮಾ. ಎಲ್ಲಾ ಹಂಗ ತಂದು ಇದರಾಗ ಇಡು.” ಹುಡುಗ ನಕ್ಕ. ದಿನಾ ಕೇಳುವ ಉತ್ತರ ಅದು.

ಎಲ್ಲವನ್ನೂ ಹಾಗ್ಹಾಗೇ ತಂದು ಇಡಲು ಬರುವುದಿಲ್ಲ ಎನ್ನುವುದೇ ಈ ಕೆಲಸದ ಮೊದಲ ಪಾಠ. ಫೈಲು ಬೇರೆ, ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರು ಬೇರೆ. ಒಂದು ಪತ್ರ, ಒಂದು ಫೋಟೊ, ಒಂದು ಲೆಕ್ಕದ ಹಾಳೆ ತಾನಿರುವಷ್ಟೇ ಇರುತ್ತದೆ. ಪೆನ್‌ಡ್ರೈವಿಗೆ ಹಾಕಿದರೆ ಬಂತು. ಸಾಫ್ಟ್‌ವೇರು ಹಾಗಲ್ಲ. ಅದರ ಬಹುಭಾಗ ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿನಲ್ಲಿದ್ದರೆ, ಅದರ ಹೆಸರು ವಿಳಾಸಗಳೆಲ್ಲ ವಿಂಡೋಸ್‌ನ ರಿಜಿಸ್ಟ್ರಿ ಎಂಬ ದಫ್ತರಿನಲ್ಲಿ ದಾಖಲಾಗಿರುತ್ತವೆ. ಕೆಲವು ತುಣುಕುಗಳು ವಿಂಡೋಸ್‌ನ ಒಳಕೋಣೆಯಲ್ಲಿ, ನಾವು ಮಾಡಿಕೊಂಡ ಸೆಟ್ಟಿಂಗುಗಳು ಆ್ಯಪ್‌ಡೇಟಾ ಎಂಬ ಮರೆಯಾದ ಫೋಲ್ಡರಿನಲ್ಲಿ, ಅಕ್ಷರಗಳು ಫಾಂಟ್ಸ್‌ನಲ್ಲಿ. ಪರವಾನಗಿಯಂತೂ ಎಷ್ಟೋ ಸಲ ಆ ಯಂತ್ರದ ಗುರುತಿಗೇ ಕಟ್ಟಿಕೊಂಡಿರುತ್ತದೆ. ಫೋಲ್ಡರನ್ನಷ್ಟೇ ಎತ್ತಿ ಹೊಸ ಡ್ರೈವಿಗೆ ಹಾಕಿದರೆ ಐಕಾನು ಕಾಣಿಸೀತು, ಕೆಲಸ ನಡೆಯದು. ಒಣಗಿದ ಕಾಯಿಯ ಚೀಲವನ್ನು ಲಾರಿಗೇರಿಸಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಕಾಯಿ ಹಿಡಿದ ಗಿಡವನ್ನು ಕಿತ್ತು ಇನ್ನೊಂದು ಹೊಲದಲ್ಲಿ ನೆಟ್ಟರೆ ಸಂಜೆಯೊಳಗೆ ಬಾಡುತ್ತದೆ.

ಹಾಗಿದ್ದರೂ ಡಿಸ್ಕನ್ನು ಇಡಿಯಾಗಿ ಕ್ಲೋನ್ ಮಾಡುವ ದಾರಿ ಇದೆ. ಅದೇ ಕಂಪ್ಯೂಟರಿಗೆ ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಕೂಡಿಸುವುದಾದರೆ ಇದು ಸುಲಭ, ಸಾಫ್ಟ್‌ವೇರುಗಳೂ ಸಾಮಾನ್ಯವಾಗಿ ಎಂದಿನಂತೆ ನಡೆಯುತ್ತವೆ. ಆದರೆ ಹತ್ತು ವರ್ಷದ ಕಸವೂ ವೈರಸ್ಸೂ ಅಷ್ಟೇ ನಿಷ್ಠೆಯಿಂದ ಹಿಂದೆ ಬರುತ್ತವೆ. ಕಂಪ್ಯೂಟರೇ ಹೊಸದಾದರೆ, ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಸಿ ನಮ್ಮ ಫೈಲುಗಳನ್ನಷ್ಟೇ ತರುವುದು ಲೇಸು. ತಂತ್ರಾಂಶ ಇನ್ನೊಮ್ಮೆ ಸಿಗುತ್ತದೆ. ನಾವು ಅದರಲ್ಲಿ ಬರೆದದ್ದು ಇನ್ನೊಮ್ಮೆ ಸಿಗುವುದಿಲ್ಲ.

ದಲಾಲಿ ಅಂಗಡಿಯ ಮಟ್ಟಿಗೆ ಆ ‘ಬರೆದದ್ದು’ ಎಂದರೆ ಟ್ಯಾಲಿ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರುಮಾಡಿದ ಕಂಪನಿಯ ಈ ತಂತ್ರಾಂಶ ಇಂದು ನಮ್ಮ ಪೇಟೆಗಳ ಕಿರ್ದಿ, ಖಾತೆ ಎಲ್ಲ ಆಗಿದೆ. ಅದರ ಲೆಕ್ಕವೆಲ್ಲ ಡೇಟಾ ಎಂಬ ಫೋಲ್ಡರಿನೊಳಗೆ, ಸಾಮಾನ್ಯವಾಗಿ 10000, 10001 ಹೀಗೆ ಬರೀ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿ ಇರುತ್ತದೆ. ನೋಡಿದರೆ ಯಾರೋ ಮರೆತುಹೋದ ಫೋಲ್ಡರಿನ ಹಾಗೆ ಕಾಣುತ್ತದೆ, ಅಳಿಸುವುದೂ ಅಷ್ಟೇ ಸುಲಭ. ಅದಕ್ಕೇ ಮೊದಲು ಟ್ಯಾಲಿಯ ಒಳಗಿನಿಂದಲೇ ಬ್ಯಾಕಪ್ ತೆಗೆಯಬೇಕು. ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಅದರ ಲೈಸೆನ್ಸನ್ನು ಸರೆಂಡರ್ ಮಾಡಿ, ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಬೇಕು. ಫಾರ್ಮ್ಯಾಟ್ ಹೊಡೆದ ಮೇಲೆ ನೆನಪಾದರೆ ಫೋನು ಹಿಡಿದು ಕೂರಬೇಕಾಗುತ್ತದೆ. ಲೆಕ್ಕ ಉಳಿಸಿಕೊಳ್ಳುವುದು ಬರೀ ಅನುಕೂಲದ ಮಾತಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ಒಂದು ವರ್ಷದ ಲೆಕ್ಕವನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಕಾಪಾಡಿಕೊಂಡಿರಬೇಕು. ಇನ್ನು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು. ಬ್ಯಾಂಕಿನದು, ಜಿಎಸ್‌ಟಿಯದು, ಇ-ಟೆಂಡರಿನದು. ಎಷ್ಟೋ ವರ್ಷದಿಂದ ಯಂತ್ರವೇ ತುಂಬಿಕೊಡುತ್ತಿದ್ದರಿಂದ ಮನುಷ್ಯರು ಮರೆತಿರುತ್ತಾರೆ. ಅವನ್ನು ಒಂದು ಹಾಳೆಯ ಮೇಲೆ ಬರೆದು ತಿಜೋರಿಯಲ್ಲಿಡುವುದು ಹಳೆಯ ಕಾಲದ ಬುದ್ಧಿಯೇ ಇರಬಹುದು, ನನಗಂತೂ ಒಪ್ಪಿಗೆ.

ರಾಣೆಬೆನ್ನೂರಿನ ಫೋಟೊ ಸ್ಟುಡಿಯೊದವರು ಹಳೆಯದನ್ನು ಕಾಪಾಡಿಡುವ ವಿಷಯದಲ್ಲಿ ನಮಗಿಂತ ಜಾಣರು. ಸೀಸನ್ನಿಗೊಂದು ಹಾರ್ಡ್‌ಡಿಸ್ಕ್, ಮೇಲೆ ಸ್ಕೆಚ್ ಪೆನ್ನಿನಲ್ಲಿ ಇಸವಿ. ಲಗ್ನವಾದ ಹತ್ತು ವರ್ಷದ ಮೇಲೆ ಯಾರಾದರೂ ಬಂದು ತೀರಿಹೋದ ಅಜ್ಜಿಯ ಫೋಟೊ ಕೇಳುತ್ತಾರೆ ಎಂದು ಅವರಿಗೆ ಗೊತ್ತು.

ಹಾವೇರಿಯ ಡಿಟಿಪಿ ಅಂಗಡಿಗಳ ಕಷ್ಟ ಬೇರೆ ಬಗೆಯದು, ಸ್ವಲ್ಪ ನಿಧಾನವಾಗಿ ಹೇಳಬೇಕಾದದ್ದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಸ್ಮರಣ ಸಂಚಿಕೆ, ಸಂಘದ ವರದಿ, ಶಾಲೆಯ ಪ್ರಶ್ನೆಪತ್ರಿಕೆ: ಒಂದು ಜಿಲ್ಲೆಯ ಸಾರ್ವಜನಿಕ ಬದುಕೆಲ್ಲ ಆ ಸಣ್ಣ ಕೋಣೆಗಳಲ್ಲಿ ಬೆರಳಚ್ಚಾಗಿದೆ. ಬಹುಪಾಲು ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ, ಪೇಜ್‌ಮೇಕರಿನಲ್ಲಿ. ಆ ಹಳೆಯ ಫಾಂಟುಗಳ ತಂತ್ರ ಏನೆಂದರೆ, ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಅಕ್ಷರಚೂರುಗಳನ್ನು ಕೂರಿಸಿದ್ದರು. ಕಂಪ್ಯೂಟರಿಗೆ ಅದು ಕನ್ನಡವೆಂದೇ ಗೊತ್ತಿಲ್ಲ. ಫಾಂಟು ಇದ್ದರೆ ಕಣ್ಣಿಗೆ ಮಾತ್ರ ಕನ್ನಡ. ಫೈಲನ್ನು ಹೊಸ ಡ್ರೈವಿಗೆ ಸರಿಯಾಗಿಯೇ ತಂದಿರುತ್ತೀರಿ, ಫಾಂಟು ತರಲು ಮರೆತಿದ್ದರೆ ತೆರೆದಾಗ ಸಿಗುವುದು ಪಿ, ಕ್ಯೂ, ಪೌಂಡ್ ಗುರುತು, ತಲೆಯ ಮೇಲೆ ಗೆರೆ ಹೊತ್ತ ಎ ಅಕ್ಷರ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಆದರೂ ಅಚ್ಚಿನ ಮನೆಯ ಅಭ್ಯಾಸ ಬಹುಕಾಲ ಬದಲಾಗಲಿಲ್ಲ. ಅವರನ್ನು ದೂರುವುದೂ ತಪ್ಪು. ಪೇಜ್‌ಮೇಕರಿಗೆ ಕನ್ನಡದ ಯೂನಿಕೋಡ್ ತಿಳಿಯುತ್ತಿರಲಿಲ್ಲ, ಗಿರಾಕಿಗೆ ಪತ್ರಿಕೆ ನಾಳೆಯೇ ಬೇಕಾಗಿತ್ತು.

ಪೇಜ್‌ಮೇಕರಿನ ಒಡೆತನ ಹೊಂದಿದ್ದ ಅಡೋಬಿ ಕಂಪನಿ 7ನೆಯ ಆವೃತ್ತಿಯ ನಂತರ ಅದನ್ನು ಬೆಳೆಸಲಿಲ್ಲ. ಅದರ ಬದಲು ಬಂದ ಇನ್‌ಡಿಸೈನಿನ ಈಚಿನ ಆವೃತ್ತಿಗಳು ಪೇಜ್‌ಮೇಕರಿನ ಫೈಲನ್ನು ನೇರವಾಗಿ ತೆರೆಯುವುದಿಲ್ಲ. ಆದ್ದರಿಂದಲೇ ಎಷ್ಟೋ ಡಿಟಿಪಿ ಅಂಗಡಿಗಳ ಮೂಲೆಯಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಓಡುವ ಒಂದು ಮುದಿ ಯಂತ್ರ ಬದುಕಿದೆ. ಅದು ಸಾಯುವ ಮೊದಲು ಮಾಡಬೇಕಾದ ಕೆಲಸ ಎರಡು: ಮುಖ್ಯವಾದ ಪುಸ್ತಕಗಳನ್ನೂ ಸಂಚಿಕೆಗಳನ್ನೂ ಪಿಡಿಎಫ್ ಮಾಡಿಡುವುದು, ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು ಒಮ್ಮೆ ಕಣ್ಣಾಡಿಸುವುದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ; ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತವೆ, ಅದನ್ನು ತಿದ್ದಲು ಮನುಷ್ಯನ ಕಣ್ಣೇ ಬೇಕು. ಹಾವೇರಿ ತಾಲ್ಲೂಕಿನ ಅಗಡಿಯಿಂದ ಕಾದಂಬರಿಕಾರ ಗಳಗನಾಥರು ಹೊರಡಿಸಿದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ನೂರು ವರ್ಷದ ಹಿಂದಿನ ಸಂಚಿಕೆ ಸಿಕ್ಕರೆ ಇವತ್ತೂ ಸಲೀಸಾಗಿ ಓದಬಹುದು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಮೊಳೆ ಕೂಡಿಸಿ ಅಚ್ಚು ಹಾಕಿದ ಆ ಹಾಳೆ ಉಳಿದಿರುವಾಗ, ಇಪ್ಪತ್ತು ವರ್ಷದ ಹಿಂದೆ ಅದೇ ಜಿಲ್ಲೆಯಲ್ಲಿ ಬೆರಳಚ್ಚು ಮಾಡಿದ ಸ್ಮರಣ ಸಂಚಿಕೆಯ ಫೈಲು ಓದಲು ಬಾರದಂತಾಗುವುದು ನಮ್ಮ ಕಾಲದ ಮರ್ಯಾದೆಯಂತೂ ಅಲ್ಲ.

ಇಲ್ಲಿ ಇನ್ನೊಂದು ಮಾತು, ಕೊಂಚ ಖಾರದ್ದು. ಹಳೆಯ ಡ್ರೈವಿನಿಂದ ಸಾಫ್ಟ್‌ವೇರು ಹಾಗೇ ಬರಲಿ ಎಂದು ಬಹಳ ಜನ ಹಟ ಹಿಡಿಯುವುದು ಏಕೆಂದರೆ, ಅದರ ಸಿ.ಡಿ. ಇಲ್ಲ, ಬಿಲ್ಲಿಲ್ಲ, ಕೀ ಇಲ್ಲ. ಯಾರೋ ಪುಣ್ಯಾತ್ಮ ಒಮ್ಮೆ ಹಾಕಿಕೊಟ್ಟು ಹೋದದ್ದು. ದುಡ್ಡು ಕೊಟ್ಟು ತಂದ ಟ್ಯಾಲಿ ಸರೆಂಡರ್ ಆಗಿ ಅರ್ಧ ಗಂಟೆಯಲ್ಲಿ ಹೊಸ ಯಂತ್ರದಲ್ಲಿ ಎದ್ದು ಕೂರುತ್ತದೆ. ಉಚಿತವಾಗಿಯೇ ಸಿಗುವ ನುಡಿ, ಲಿಬ್ರೆ ಆಫೀಸುಗಳನ್ನು ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದು. ಕಳ್ಳಪ್ರತಿ ಮಾತ್ರ ಹಳೆಯ ಡಿಸ್ಕಿಗೆ ಅಂಟಿಕೊಂಡು ಅಲ್ಲಿಯೇ ಕೂರುತ್ತದೆ. ಪ್ರಾಮಾಣಿಕತೆಗೆ ಇಂಥ ವ್ಯಾವಹಾರಿಕ ಲಾಭವೂ ಇದೆ ಎಂದು ಗುರುಹಿರಿಯರು ನಮಗೆ ಹೇಳಿರಲಿಲ್ಲ.

ಸಾಗಿಸುವುದೆಂದರೆ ನಕಲು ಮಾಡುವುದಷ್ಟೇ ಅಲ್ಲ ಎನ್ನುವುದಕ್ಕೆ ನಮ್ಮ ರಾಜ್ಯವೇ ಕಂಡ ದೊಡ್ಡ ಉದಾಹರಣೆ ಭೂಮಿ ಯೋಜನೆ. ಈ ಶತಮಾನ ಹುಟ್ಟುವ ಹೊತ್ತಿಗೆ ಕರ್ನಾಟಕದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು, ನಮ್ಮ ಕಡೆಯವರ ಬಾಯಲ್ಲಿ ಉತಾರಗಳು, ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಬಂದವು. ಅದರಿಂದ ಆದ ಉಪಕಾರ ದೊಡ್ಡದು. ಉತಾರಕ್ಕಾಗಿ ಗ್ರಾಮಲೆಕ್ಕಿಗರ ಬಾಗಿಲು ಕಾಯುವುದು ತಪ್ಪಿತು. ಆದರೆ ಸಾಗಿಸುವಾಗ ಬಸವಣ್ಣೆಪ್ಪ ಬಸಪ್ಪನಾದ ಕಡೆ, ಗುಂಟೆಯ ಅಂಕಿ ಪಲ್ಲಟವಾದ ಕಡೆ, ಅದನ್ನು ತಿದ್ದಿಸಲು ಮೊಮ್ಮಕ್ಕಳು ಇವತ್ತಿಗೂ ತಹಶೀಲ್ದಾರ ಕಚೇರಿಗೆ ಅಡ್ಡಾಡುತ್ತಿದ್ದಾರೆ. ಅಂಗಡಿಯ ಲೆಕ್ಕಕ್ಕೂ ಇದೇ ನ್ಯಾಯ. ಕಾಪಿ ಮುಗಿಯಿತು ಎಂದು ಪರದೆ ಹೇಳಿದರೆ ಕೆಲಸ ಮುಗಿಯಲಿಲ್ಲ. ಹೊಸ ಯಂತ್ರದಲ್ಲಿ ಟ್ಯಾಲಿ ತೆರೆದು ಶಿಲ್ಕು ಹಳೆಯದಕ್ಕೆ ತಾಳೆಯಾಗುತ್ತದೆಯೇ ನೋಡಬೇಕು. ನಾಲ್ಕು ಫೋಟೊ, ನಾಲ್ಕು ಪತ್ರ ತೆರೆದು ನೋಡಬೇಕು. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಯಾರಿಗೂ ಮುಟ್ಟಗೊಡಬಾರದು. ಇನ್ನೊಂದು ಪ್ರತಿ ಬೇರೆ ಸೂರಿನಡಿ ಇರಬೇಕು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು, ರೊಚ್ಚಿಗೆದ್ದವರು ಬ್ಯಾಡಗಿಯ ಎಪಿಎಂಸಿ ಕಚೇರಿಯ ಮೇಲೆ ಕಲ್ಲು ತೂರಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಆ ಊರು ಮರೆತಿಲ್ಲ. ಕಂಪ್ಯೂಟರಿನ ಪಕ್ಕದ ಡ್ರಾಯರಿನಲ್ಲೇ ಇಟ್ಟ ಪೆನ್‌ಡ್ರೈವು ಅಂಥ ದಿನ ಯಾವ ಕೆಲಸಕ್ಕೂ ಬಾರದು.

ಈಗ ಆ ಹಳೆಯ ಡಿಸ್ಕಿನ ವಿಷಯಕ್ಕೆ ಬರೋಣ. ಹೊಸದು ಬಂತು, ಲೆಕ್ಕ ತಾಳೆಯಾಯಿತು. ಹಳೆಯ ಪೆಟ್ಟಿಗೆಯನ್ನು ಎಕ್ಸ್‌ಚೇಂಜಿಗೆ ಕೊಡುತ್ತೇವೆ, ಇಲ್ಲವೇ ಗುಜರಿಗೆ ಹಾಕುತ್ತೇವೆ. ಹಳೆಯ ಕಿರ್ದಿ ಅಟ್ಟದ ಮೇಲೆ, ಮನೆಯೊಳಗೇ ಇರುತ್ತಿತ್ತು. ಹಳೆಯ ಡಿಸ್ಕು ಮನೆ ಬಿಟ್ಟು ಹೋಗುತ್ತದೆ. ಅದರಲ್ಲಿರುವುದರ ಪೈಕಿ ನಮ್ಮದು ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ದಲಾಲಿಯ ಡಿಸ್ಕಿನಲ್ಲಿ ದೂರದ ಬಳ್ಳಾರಿ, ರಾಯಚೂರು ಕಡೆಯಿಂದ ಕಾಯಿ ತಂದ ರೈತರ ಬ್ಯಾಂಕ್ ಖಾತೆ ನಂಬರು, ಅವರು ಪಡೆದ ಮುಂಗಡದ, ಅಂದರೆ ಉಚಲಿಯ, ಬಾಕಿ. ಸ್ಟುಡಿಯೊದ ಡಿಸ್ಕಿನಲ್ಲಿ ಬೇರೆಯವರ ಮನೆಯ ಹೆಣ್ಣುಮಕ್ಕಳ ಫೋಟೊ. ಆನ್‌ಲೈನ್ ಸೆಂಟರಿನ ಡೌನ್‌ಲೋಡ್ಸ್ ಫೋಲ್ಡರನ್ನಂತೂ ತೆರೆಯಲೇಬಾರದು: ಊರಿಗೆ ಊರೇ ಅಲ್ಲಿದೆ. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಪ್ರಮಾಣಪತ್ರ, ಮಕ್ಕಳ ಅಂಕಪಟ್ಟಿ. ಒಮ್ಮೆ ಪ್ರಿಂಟ್ ತೆಗೆಯಲೆಂದು ವಾಟ್ಸ್‌ಆ್ಯಪ್ ಮಾಡಿದ್ದು, ಅಲ್ಲಿಯೇ ಉಳಿದದ್ದು. ಇವೆಲ್ಲ ನಂಬಿ ಇರಿಸಿದ ವಸ್ತುಗಳು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಹೀಗೆ ನಂಬಿ ಇರಿಸಿದ ನಿಕ್ಷೇಪದ ಬಗ್ಗೆ ಒಂದು ಅಧ್ಯಾಯವೇ ಇದೆ. ಇಟ್ಟುಕೊಂಡವನು ಅದನ್ನು ತಾನು ಬಳಸಿದರೂ ತಪ್ಪು, ಮಾರಿದರೂ ತಪ್ಪು, ಎರಡಕ್ಕೂ ದಂಡವುಂಟು. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದಕ್ಕಿಂತ ಬಹಳ ದೂರವಿಲ್ಲ: ಯಾವ ಕೆಲಸಕ್ಕೆ ಪಡೆದಿರೋ ಆ ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸಿಬಿಡಿ.

ಅಳಿಸುವುದೂ ಒಂದು ವಿದ್ಯೆ. ಡಿಲೀಟ್ ಒತ್ತಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಹಾರ್ಡ್‌ಡಿಸ್ಕಿನಲ್ಲಿ ಹೋಗುವುದು ಫೈಲಿನ ವಿಳಾಸ ಮಾತ್ರ, ಫೈಲು ಅಲ್ಲಿಯೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟಿನ ಹಣೆಬರಹವೂ ಅದೇ; ಉಚಿತವಾಗಿ ಸಿಗುವ ರಿಕವರಿ ಸಾಫ್ಟ್‌ವೇರಿನಿಂದ ಕಾಲೇಜು ಹುಡುಗನೂ ಬಹಳಷ್ಟನ್ನು ಮೇಲೆತ್ತಬಲ್ಲ. ಹಾರ್ಡ್‌ಡಿಸ್ಕ್ ಆದರೆ ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್’ ಎಂಬಲ್ಲಿರುವ ಗುರುತನ್ನು ತೆಗೆದುಬಿಡಬೇಕು. ಆಗ ವಿಂಡೋಸು ಡಿಸ್ಕಿನ ಉದ್ದಕ್ಕೂ ಸೊನ್ನೆ ತುಂಬುತ್ತ ಹೋಗುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿದರಾಯಿತು. ಇಡೀ ಯಂತ್ರವನ್ನೇ ಕೊಡುವುದಾದರೆ, ರೀಸೆಟ್ ಮಾಡುವಾಗ ಡ್ರೈವನ್ನು ಪೂರ್ತಿ ಸ್ವಚ್ಛಗೊಳಿಸುವ ಆಯ್ಕೆ ಇದೆ, ಅದನ್ನೇ ಆರಿಸಿ. ಕೆಟ್ಟು ನಿಂತ, ಕಂಪ್ಯೂಟರಿಗೆ ಕಾಣಿಸಿಕೊಳ್ಳದ ಡಿಸ್ಕನ್ನು ಬಿಚ್ಚಿ ಒಳಗಿನ ಹೊಳೆಯುವ ತಟ್ಟೆಯನ್ನು ಹಾಳುಮಾಡಿಯೇ ಗುಜರಿಗೆ ಕೊಡಬೇಕು. ರಿಪೇರಿ ಹುಡುಗರಿಗೆ ಹೇಳಿದರೆ ಎದುರಿಗೇ ಮಾಡಿಕೊಡುತ್ತಾರೆ.

ಅಂಗಡಿ ಇಲ್ಲದ ನಮ್ಮಂಥ ಗೃಹಸ್ಥರಿಗೂ ಇದರಲ್ಲಿ ಒಂದು ಪಾಲಿದೆ. ಮುಂದಿನ ಸಲ ಆನ್‌ಲೈನ್ ಸೆಂಟರಿಗೆ ಹೋದಾಗ, ಸಾಧ್ಯವಿದ್ದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರನ್ನೇ ಕೊಡಿ. ಪ್ರಿಂಟ್ ಕೈಗೆ ಬಂದ ಮೇಲೆ, ದುಡ್ಡು ಕೊಡುವ ಮುಂಚೆ, “ತಮ್ಮಾ, ನನ್ನ ಫೈಲ್ ಒಂದೀಟು ತಗದುಬಿಡಪಾ” ಎಂದು ಹೇಳಿ, ಅವನು ಅಳಿಸುವವರೆಗೆ ನಿಂತು ನೋಡಿ.